ಓಡುವ ಮಷೀನಿಗೊಂದು ರಜೆ

ಹೊರಗಿನವರು ನಮ್ಮೂರಿಗೆ ಬಂದರೆ ಮೊದಲ ದಿನ ನಗುತ್ತಾರೆ. ಕದಕ್ಕೆ ಹಾಳೆ ಅಂಟಿಸಿದರೆ ಮಾತ್ರ ಕದ ತೆರೆಯುವುದಂತೆ, ಅದೂ ಅವತ್ತೇ ಅಚ್ಚಾದ ಹಾಳೆ ಆಗಬೇಕಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ನಗಲಿ ಪಾಪ. ಹಾಳೆ ಬರದ ಒಂದು ದಿನ ಒಳಗೆ ಸಿಕ್ಕಿಬಿದ್ದು, ಕದಕ್ಕೆ ಹೆಗಲು ಕೊಟ್ಟು, ಒದ್ದು, ಕೊಡಲಿ ಹಾಕಿ, ಕೊನೆಗೆ ಬೆವರೊರೆಸಿಕೊಂಡು ಕಿಟಕಿಯ ಸರಳು ಹಿಡಿದು ನಿಂತಾಗ ಅವರ ನಗು ತಾನಾಗಿ ನಿಲ್ಲುತ್ತದೆ. ಆಗ ನಾವೇನೂ ನಗುವುದಿಲ್ಲ. ಎದುರು ಮನೆಯಿಂದ ಕೋಲಿನ ತುದಿಗೆ ಬುಟ್ಟಿ ಕಟ್ಟಿ ರೊಟ್ಟಿ ಪಲ್ಯ ದಾಟಿಸುತ್ತೇವೆ.

ನಾನು ನೀಲವ್ವ. ಆ ಹಾಳೆ ಅಚ್ಚು ಹಾಕುವ ಮಷೀನು ನಡೆಸುವವಳು. ಪೇಟೆಯ ನಡುವೆ ಇರುವ ನಮ್ಮ ಪ್ರೆಸ್ಸಿಗೆ ಬಾಗಿಲಿಲ್ಲ, ಗೋಣಿತಾಟಿನ ಪರದೆ ಅಷ್ಟೇ. ಬಾಗಿಲಿದ್ದರೆ ನಾವೇ ಒಳಗೆ ಸಿಕ್ಕಿಕೊಳ್ಳುತ್ತಿದ್ದೆವಲ್ಲ! ನಾನೂ ಹಾಳೆ ಹಂಚುವವರೂ ಅಲ್ಲೇ ಮಲಗುತ್ತೇವೆ. ಕೋಳಿ ಕೂಗುವ ಹೊತ್ತಿಗೆ ಮಷೀನು ಶುರು. ಅಂದಿನ ತಿಥಿ, ತರಕಾರಿ ದರ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾರ ಮನೆಗೆ ಹೆಣ್ಣು ನೋಡಲು ಬರುತ್ತಿದ್ದಾರೆ, ಇಷ್ಟೆಲ್ಲ ಒಂದೇ ಹಾಳೆಯಲ್ಲಿ. ಹಂಚುವವರು ಓಡೋಡಿ ಹೋಗಿ ಕದದ ಕೆಳಗೆ ತುರುಕುತ್ತಾರೆ, ಒಳಗಿನವರು ಅಂಬಲಿ ಸವರಿ ಅಂಟಿಸುತ್ತಾರೆ, ಕದ ತೆರೆಯುತ್ತದೆ. ಕತ್ತಲಾದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮೊದಲು ಮನೆಗಳು, ಆಮೇಲೆ ಅಂಗಡಿ, ಶಾಲೆ, ಕಚೇರಿ, ದನದ ಕೊಟ್ಟಿಗೆ. ಎಲ್ಲ ಮುಗಿಯುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ಸಂಜೆಯೊಳಗೆ ರೋಲರು ತೊಳೆದು, ಮೇಲಿನ ತೂತುಗಳಿಗೆ ಎಣ್ಣೆ ಬಿಟ್ಟರೆ ನನ್ನ ಕೆಲಸವಾಯಿತು. ಒಳಗಿನ ಗೇರು, ಬೇರಿಂಗು ಬಿಚ್ಚಿ ನೋಡಬೇಕೆಂದರೆ ಇಡೀ ಹಗಲು ಬೇಕು. ಆ ಹಗಲನ್ನು ನಮ್ಮೂರು ಯಾವತ್ತೂ ಕೊಟ್ಟಿರಲಿಲ್ಲ. ಓಡುವ ಮಷೀನಿಗೆ ಕೈ ಹಚ್ಚಬಾರದು ಎಂಬುದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತಿತ್ತು.

ಹಾಗಾಗಿ ಮಷೀನು ತನಗೆ ಬೇಕಾದಾಗ ನಿಲ್ಲುತ್ತಿತ್ತು. ನಿಂತಿತೆಂದರೆ ನನ್ನ ಗಂಡನಿಗೆ ಹಬ್ಬ.

ಫಕೀರಪ್ಪ ಮೇಸ್ತ್ರಿ ಅಂದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ರಿಪೇರಿ ಮಾಡುವವನು ಒಳಗೆ ಸಿಕ್ಕಿಬೀಳಬಾರದು ಎಂದು ಅವರಿಗೆ ಮಳೆ ಚಳಿ ಎನ್ನದೆ ಮನೆಯ ಹೊರಗಿನ ಕಟ್ಟೆಯ ಮೇಲೇ ಹಾಸಿಗೆ. ಮಷೀನು ನಿಂತ ಸುದ್ದಿ ಬಂದರೆ ಸಾಕು, ಮುಖಕ್ಕೆ ನೀರು ಹಾಕಿಕೊಂಡು, ಮೀಸೆ ತಿದ್ದಿ, ಬೋಲ್ಟು ಬಿಗಿಯುವ ಪಾನಾ ತುಂಬಿದ ಚೀಲ ಹೆಗಲಿಗೇರಿಸಿ ನಡುರಸ್ತೆಯಲ್ಲಿ ಹೊರಡುತ್ತಿದ್ದರು. ಎರಡೂ ಬದಿಯ ಕಿಟಕಿಗಳಿಂದ ಜನ ಚುರುಮುರಿ ಎರಚಿ, "ಮೇಸ್ತ್ರಿ ಬಂದ್ರು, ಮೇಸ್ತ್ರಿ ಬಂದ್ರು" ಎಂದು ಕೂಗುತ್ತಿದ್ದರು. ಮುರಿದಲ್ಲಿ ತಗಡಿನ ಪಟ್ಟಿ ತುರುಕಿ, ಸವೆದಲ್ಲಿ ಹಗ್ಗ ಸುತ್ತಿ, ಹೊತ್ತು ಇಳಿಯುವುದರೊಳಗೆ ಅವರು ಹೇಗೋ ಮಷೀನು ಓಡಿಸಿಬಿಡುತ್ತಿದ್ದರು. ಹಾಳೆ ಹೊರಬಿದ್ದು ಕದಗಳು ತೆರೆದವೋ, ಜನ ನುಗ್ಗಿ ಬಂದು ಮಾಲೆ ಹಾಕಿ, ಶಾಲು ಹೊದಿಸಿ, ಹೆಗಲ ಮೇಲೆ ಕೂರಿಸಿಕೊಂಡು ಡೊಳ್ಳು ಬಡಿಯುತ್ತ ಮನೆತನಕ ಮುಟ್ಟಿಸುತ್ತಿದ್ದರು. ನಾನು ಪ್ರೆಸ್ಸಿನಲ್ಲಿ ನೆಲ ಗುಡಿಸುತ್ತಿದ್ದೆ. ಆರಿಸಿಕೊಂಡ ಗಂಡ, ಏನು ಮಾಡುವುದು!

ಹೊಟ್ಟೆಕಿಚ್ಚು ಇತ್ತೇ ಅಂದರೆ ಇತ್ತು. ಆದರೆ ನಾನು ಈಗ ಹೇಳಲಿರುವುದು ಹೊಟ್ಟೆಕಿಚ್ಚಿನ ಮಾತಲ್ಲ.

ನಮಗೆ ಒಬ್ಬಳೇ ಮಗಳು, ಶಿವಲೀಲಾ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾದ ದಿನವೇ ಮಷೀನು ನಿಂತಿತು. ಊರಿಗೆ ಇರುವವಳು ಒಬ್ಬಳೇ ಸೂಲಗಿತ್ತಿ, ಮಾಬೂಬಿ, ಅವಳ ಮನೆ ಕುಂಬಾರ ಓಣಿಯಲ್ಲಿ. ಅವಳು ತನ್ನ ಕಿಟಕಿಯಲ್ಲಿ ನಿಂತು ಹೀಗೆ ಮಾಡಿ ಹಾಗೆ ಮಾಡಿ ಎಂದು ಕೂಗಿದ್ದು, ಕಿಟಕಿಯಿಂದ ಕಿಟಕಿಗೆ ದಾಟುತ್ತ ನಮ್ಮ ಮನೆಗೆ ಬರಬೇಕಿತ್ತು. ಒಳಗೆ ಮಗಳ ಜೊತೆ ಇದ್ದವಳು ಏನೂ ತಿಳಿಯದ ನನ್ನ ತಂಗಿ. ನಾನು ಪ್ರೆಸ್ಸಿನಲ್ಲಿ ಗಂಡನಿಗೆ ಪಾನಾ ಎತ್ತಿ ಕೊಡುತ್ತಿದ್ದೆ. ಅವರು ಅವತ್ತು ಮಾಡಿದಷ್ಟು ಬೇಗ ಯಾವ ರಿಪೇರಿಯನ್ನೂ ಮಾಡಿದವರಲ್ಲ, ಕೈಯಲ್ಲಿ ರಕ್ತ ಬಂದರೂ ನೋಡಲಿಲ್ಲ. ಮಷೀನು ಓಡಿತು, ಕದ ತೆರೆಯಿತು. ಕದ ತೆರೆದ ಹಿಗ್ಗಿನಲ್ಲಿ ಜನಕ್ಕೆ ಬೇರೇನೂ ನೆನಪಾಗಲಿಲ್ಲ. ಎಂದಿನಂತೆ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಇಳಿಸ್ರೋ, ಇಳಿಸ್ರೋ ಎಂದು ಅವರು ಕೂಗಿದ್ದು ಡೊಳ್ಳಿನಲ್ಲಿ ಕೇಳಲಿಲ್ಲ. ನಮ್ಮ ಓಣಿಗೆ ತಿರುಗಿದಾಗ ಒಳಗಿನಿಂದ ನನ್ನ ತಂಗಿಯ ಅಳು ಕೇಳಿತು. ಡೊಳ್ಳು ನಿಂತಿತು. ಗಂಡು ಕೂಸು, ಉಸಿರಾಡಿರಲಿಲ್ಲ.

ಆಮೇಲೆ ನಾವು ಗಂಡ ಹೆಂಡತಿ ಅದರ ಬಗ್ಗೆ ಮಾತಾಡಲಿಲ್ಲ. ಅವರು ಒಂದೇ ಮಾತು ಅಂದರು: "ಇನ್ನೂ ಲಗೂ ಮಾಡಬೇಕಿತ್ತು." ಅಂದಿನಿಂದ ಬೇಗ ಮಾಡುವುದೇ ಅವರಿಗೆ ಹುಚ್ಚಾಯಿತು. ಕಣ್ಣು ಮುಚ್ಚಿಕೊಂಡು ಪಟ್ಟಿ ಹಾಕುವುದು, ಒಂದೇ ಕೈಯಲ್ಲಿ ಬೋಲ್ಟು ಬಿಚ್ಚುವುದು, ಇದನ್ನೇ ಕಟ್ಟೆಯ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದರು. ನನಗೆ ಅನ್ನಿಸಿದ್ದೇ ಬೇರೆ. ಎಷ್ಟು ಬೇಗ ಮಾಡಿದರೂ ನಿಂತದ್ದು ನಿಂತದ್ದೇ ಅಲ್ಲವೇ? ನಿಲ್ಲದಂತೆ ನೋಡಿಕೊಳ್ಳಬೇಕು.

ಶಿವಲೀಲಾ ಮತ್ತೆ ಬಸುರಿಯಾಗಿ ತವರಿಗೆ ಬಂದಳು. ಅದೇ ದಿನಗಳಲ್ಲಿ ದೊಡ್ಡ ಗೇರಿನ ಬದಿಯ ಬೇರಿಂಗು ಬಿಸಿಯಾಗತೊಡಗಿತು. ನಾನು ದಿನಾ ಬೆಳಿಗ್ಗೆ ಮಷೀನಿನ ಮೈಯೆಲ್ಲ ಅಂಗೈಯಿಂದ ಮುಟ್ಟಿ ನೋಡುವವಳು, ಜ್ವರ ಬಂದ ಮಕ್ಕಳ ಹಣೆ ನೋಡುವ ಹಾಗೆ. ಮೊದಲು ಬೆಚ್ಚಗೆ ಇದ್ದದ್ದು ಬರಬರುತ್ತ ಕೈ ಇಡಲಾಗದಷ್ಟು ಸುಡತೊಡಗಿತು. ಓಡುವಾಗ ಒಂದು ಗೊರಗೊರ ದನಿ ಬೇರೆ. ಇದು ಇವತ್ತಲ್ಲ ನಾಳೆ ಕೂತುಬಿಡುತ್ತದೆ ಎಂದು ನನಗೆ ಖಾತ್ರಿಯಾಯಿತು. ಮಗಳಿಗೆ ನೋವು ಬರುವ ದಿನವೇ ಇದು ನಿಂತರೆ?

ಗಂಡನಿಗೆ ಹೇಳಿದೆ. "ಏನ್ರಿ, ಬೇರಿಂಗ್ ಸುಡಾಕತ್ತೈತಿ. ಒಂದ್ ದಿನ ಮಷೀನ ನಿಲ್ಲಿಸಿ ಪೂರಾ ಬಿಚ್ಚೂಣು. ಹೊಸಾ ಬೇರಿಂಗ ಪೆಟಾರಿಯೊಳಗ ಹಂಗ ಬಿದ್ದಾವ."

"ಓಡಾಕತ್ತೈತಿಲ್ಲೋ?"

"ಓಡಾಕತ್ತೈತಿ."

"ಮತ್ತ? ನಿಂತಾಗ ನೋಡೂಣು. ನಾ ಇಲ್ಲೇನ?"

"ನಿಂತಾಗ ನೋಡಿದ್ದು ಒಮ್ಮೆ ಸಾಕಾತು ನನಗ," ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಎದ್ದು ಹೊರಗೆ ಹೋದರು.

ನಾನೂ ಬಿಡುವವಳಲ್ಲ. ಸಂತೆಯ ದಿನ ಚಾವಡಿಯ ಮುಂದೆ ಜನ ಸೇರಿದ್ದಾಗ ಊರ ಚೇರಮನ್ ಗುರಶಿದ್ದಪ್ಪನವರ ಎದುರು ಹೋಗಿ ನಿಂತೆ. ಮಷೀನಿಗೆ ಒಂದು ದಿನ ರಜೆ ಕೊಡಿ, ಅವತ್ತು ಕದ ತೆರೆಯುವುದಿಲ್ಲ, ಎಲ್ಲರೂ ಒಳಗೇ ಇರಿ ಅಂದೆ. ಅಬ್ಬಬ್ಬಾ, ಆ ನಗು!

"ಅಲ್ಲಬೇ ನೀಲವ್ವಾ," ಅಂದರು ಚೇರಮನ್ನರು, ಕಣ್ಣೀರು ಒರೆಸಿಕೊಳ್ಳುತ್ತ, "ಚಲೋ ಓಡೂ ಮಷೀನ ನಿಲ್ಲಿಸಿ ಊರ ಮಂದೀನೆಲ್ಲಾ ಒಳಗ ಕೂಡ್ತೀನಿ ಅಂತೀಯಲ್ಲ, ತಲಿ ನೆಟ್ಟಗ ಐತಿಲ್ಲೋ?"

"ಅದಾಗೇ ನಿಂತ್ರ ಹೆಂಗೂ ಒಳಗ ಕೂಡ್ತೀರಿ. ನಾ ನಿಲ್ಲಿಸಿದ್ರ ಮೈ ಉರೀತೈತೇನು ನಿಮಗ?"

"ಅದು ದೇವರ ಇಚ್ಛಾ. ಇದು ನಿನ್ನ ಇಚ್ಛಾ."

ನನಗೆ ರೇಗಿಹೋಯಿತು. ಸರಿಯಾಗಿ ವಾದ ಮಾಡಲು ನನಗೆ ಬರುವುದಿಲ್ಲ, ಸಿಟ್ಟು ಬಂದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ. ನೀವೆಲ್ಲ ಡೊಳ್ಳು ಬಡಿಯಲು ಕಾಯುತ್ತ ಕೂತಿದ್ದೀರಿ, ಮಷೀನು ಕೆಡದಿದ್ದರೆ ನಿಮಗೆ ತಿಂದದ್ದು ಅರಗುವುದಿಲ್ಲ ಎಂದೆಲ್ಲ ಒದರಿದೆ. ಜನರ ಮುಖ ಗಂಟಾಯಿತು. ನನ್ನ ಗಂಡ ಹಿಂದೆ ನಿಂತು ನೆಲ ನೋಡುತ್ತಿದ್ದರು. ಕೆಲಸ ಕೆಟ್ಟೇ ಹೋಗುತ್ತಿತ್ತು, ಅಷ್ಟರಲ್ಲಿ ಬಳೆ ಅಂಗಡಿಯ ಬಳಿ ಕೂತಿದ್ದ ಮಾಬೂಬಿ ಎಲೆ ಅಡಿಕೆ ಉಗಿದು ಎದ್ದಳು.

"ನಾ ಒಂದ್ ಮಾತ ಕೇಳ್ತೀನಿ ಚೇರಮನ್ನರ. ಕದಾ ತಗಿಯೂದಿಲ್ಲ ಅನ್ನೂದು ಹಿಂದಿನ ದಿನಾನ ನನಗ ಗೊತ್ತಿದ್ರ ನಾ ಏನ್ ಮಾಡ್ತಿದ್ದೆ ಹೇಳ್ರಿ? ಸಂಜೀ ಮುಂದನ ಹೋಗಿ ಆಕಿ ಮನ್ಯಾಗ ಮಲಗತಿದ್ದೆ. ಆ ಕೂಸು ಇವತ್ತ ಇಲ್ಲೆ ಆಡ್ತಿತ್ತು."

ಕದ ತೆರೆಯದ ದಿನ ಎಂದರೆ ಬಂದು ಎರಗುವ ಆಪತ್ತು ಎಂದೇ ನಮ್ಮೂರಿಗೆ ಗೊತ್ತಿತ್ತು. ಮೊದಲೇ ಗೊತ್ತಿರುವ ಕದ ತೆರೆಯದ ದಿನ ಎಂಬುದನ್ನು ಯಾರೂ ಯೋಚಿಸಿಯೇ ಇರಲಿಲ್ಲ. ನಾನೂ ಅಷ್ಟು ದೂರ ಯೋಚಿಸಿರಲಿಲ್ಲ, ಸುಳ್ಳೇಕೆ ಹೇಳಲಿ. ನನಗೆ ಬೇರಿಂಗಿನದೇ ಚಿಂತೆಯಾಗಿತ್ತು. ಚೇರಮನ್ನರು ಗಡ್ಡ ಕೆರೆದುಕೊಂಡು, "ಆತು, ಒಂದ್ ಸರ್ತಿ ನೋಡೂಣು," ಅಂದರು.

ಆ ರಜೆಗೆ ಜನ ಮಾಡಿಕೊಂಡ ತಯಾರಿ ನೋಡಬೇಕಿತ್ತು. ಬೈದುಕೊಳ್ಳುತ್ತಲೇ ನೀರು ತುಂಬಿಸಿಟ್ಟರು, ಕಾಯಿಪಲ್ಯ ತಂದರು. ಆಮೇಲೆ ಯಾವ ಮನೆಯಲ್ಲಿ ಸಿಕ್ಕಿಬೀಳುವುದು ಎಂಬ ಲೆಕ್ಕ ಶುರುವಾಯಿತು. ಇಸ್ಪೀಟಿನವರು ಒಂದು ಮನೆ ಹಿಡಿದರು. ಹೊಸದಾಗಿ ಮದುವೆಯಾದವರು ಅತ್ತೆ ಮಾವನನ್ನು ನಾದಿನಿಯ ಮನೆಗೆ ಸಾಗಿಸಿದರು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರನ್ನು ಅವರ ತಾಯಿ ಒಂದೇ ಮನೆಗೆ ಊಟಕ್ಕೆ ಕರೆದು, ಕತ್ತಲಾಗುವತನಕ ಮಾತಿಗೆ ಹಿಡಿದು ಮಲಗಿಸಿಬಿಟ್ಟಳಂತೆ. ಮರುದಿನವೆಲ್ಲ ಆ ಮನೆಯಿಂದ ಜಗಳ ಕೇಳಿಸಿತು, ಸಂಜೆ ನಗು ಕೇಳಿಸಿತು.

ನಾನೂ ಹಾಳೆ ಹಂಚುವ ಯಲ್ಲಪ್ಪನೂ ಬೆಳಗಿನಿಂದ ಮಷೀನು ಬಿಚ್ಚಿದೆವು. ಯಲ್ಲಪ್ಪನಿಗೆ ತೋಳು ಗಟ್ಟಿ, ಹೇಳಿದ್ದಷ್ಟು ಮಾಡುತ್ತಾನೆ. ಸೀಮೆಎಣ್ಣೆಯಲ್ಲಿ ಗೇರು ತೊಳೆದೆವು. ಎಷ್ಟೋ ಕಾಲದಿಂದ ಮುಚ್ಚಿಹೋಗಿದ್ದ ಎಣ್ಣೆ ತೂತುಗಳನ್ನು ತಂತಿ ಹಾಕಿ ಬಿಡಿಸಿದೆವು. ಗಂಡ ಇಟ್ಟಿದ್ದ ತಗಡಿನ ಪಟ್ಟಿಗಳು ಒಂದು ಪುಟ್ಟಿಯಷ್ಟು ಸಿಕ್ಕವು. ಸುಡುತ್ತಿದ್ದ ಬೇರಿಂಗು ಬದಲಾಯಿಸಿದೆವು. ಆಚೆ ಬದಿಯದು ಇನ್ನೂ ತಣ್ಣಗಿತ್ತು, ಹೊತ್ತೂ ಸಾಲಲಿಲ್ಲ, ಮುಂದಿನ ಸಲ ನೋಡೋಣ ಎಂದು ಬಿಟ್ಟೆವು. ನನ್ನ ಗಂಡ ಇಡೀ ದಿನ ಮನೆಯ ಕಟ್ಟೆಯ ಮೇಲೆ ಪ್ರೆಸ್ಸಿಗೆ ಬೆನ್ನು ಮಾಡಿ ಕೂತಿದ್ದರಂತೆ. ಶಿವಲೀಲಾ ಕಿಟಕಿಯಿಂದ ಎಷ್ಟು ಹೇಳಿದರೂ ಏಳಲಿಲ್ಲವಂತೆ.

ಮರುದಿನ ಮಷೀನು ಓಡಿದ ಓಟ! ಬೆಣ್ಣೆಯಲ್ಲಿ ಬೆರಳು ಆಡಿಸಿದಂತೆ. ಹಾಳೆಗಳು ಎಂದಿಗಿಂತ ಬೇಗ ಮುಗಿದವು. ಹಿಗ್ಗಿನಲ್ಲಿ ನಾನು ಮಧ್ಯಾಹ್ನ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಸಂಜೆತನಕ ಮಲಗಿಬಿಟ್ಟೆ. ಅದೇ ತಪ್ಪಾಯಿತು. ಚೇರಮನ್ನರಿಗೂ ಊರವರಿಗೂ ಹಿಗ್ಗಾಗಿತ್ತಲ್ಲ, ರಜೆಯಿಂದ ಬಂದ ಮಷೀನಿಗೆ ಪೂಜೆ ಬೇಡವೇ? ವಾರವಾರದ ಪೂಜೆಗೆ ಮಷೀನಿನ ಮೇಲಷ್ಟೇ ನಾಲ್ಕು ಕಾಳು ಚುರುಮುರಿ ಎರಚುತ್ತಿದ್ದವರು ಅವತ್ತು ಮುಚ್ಚಳ ತೆಗೆದು, ಹೊಸ ಗ್ರೀಸು ಮೆತ್ತಿದ ಗೇರಿನ ಮೇಲೆ ಒಂದಿಡೀ ಬುಟ್ಟಿ ಚುರುಮುರಿ ಸುರಿದು, ಅರಿಶಿನ ಕುಂಕುಮ ಎಣ್ಣೆಯಲ್ಲಿ ಕಲಸಿ ಹಲ್ಲು ಹಲ್ಲಿಗೂ ಹಚ್ಚಿ, ಮುಚ್ಚಳ ಮುಚ್ಚಿ ಹೋಗಿದ್ದರು. ನನಗೆ ಯಾರೂ ಹೇಳಲಿಲ್ಲ. ಕೆಲವು ದಿನ ಅದು ಆ ಉಂಡೆಯನ್ನು ಅರೆಯುತ್ತ ಓಡಿತು. ಆಮೇಲೆ ಒಂದು ಬೆಳಿಗ್ಗೆ ಕಟಕ್ಕೆಂದು ನಿಂತಿತು.

"ರಜಾ ಉಂಡ ಮಷೀನಬೇ ಇದು, ಮೈಗಳ್ಳ ಆಗೈತಿ," ಎಂದು ಕಿಟಕಿಗಳಿಂದ ಕೂಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಳಗೆ ಶಿವಲೀಲಾ ದಿನ ತುಂಬಿ ಕೂತಿದ್ದಳು, ಮಾಬೂಬಿ ತನ್ನ ಓಣಿಯಲ್ಲಿ. ಅವತ್ತು ಮಗಳಿಗೆ ನೋವು ಬರಲಿಲ್ಲ, ದೇವರು ದೊಡ್ಡವನು.

ಗಂಡ ಚೀಲ ಏರಿಸಿಕೊಂಡು ಬಂದರು. ಮೈಮೇಲೆಲ್ಲ ಚುರುಮುರಿ. ಮುಖದಲ್ಲಿ, ನಾನು ಹೇಳಿರಲಿಲ್ಲವೇ ಎಂಬ ಕಳೆ. ಮುಚ್ಚಳ ತೆಗೆದು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ನಾನೂ ಹೋಗಿ ನೋಡಿದೆ. ಸುತ್ತಲೂ ಎಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನಡುವೆ ಗೇರಿನ ಹಲ್ಲುಗಳಲ್ಲಿ ಕೆಂಪಗೆ, ಕಲ್ಲಿನಂತೆ ಗಟ್ಟಿಯಾದ ಚುರುಮುರಿಯ ಗಡ್ಡೆ. ಒಂದು ಹಲ್ಲು ಹಾರಿಹೋಗಿತ್ತು. ಅವರು ಗಡ್ಡೆಯನ್ನು ಉಗುರಿನಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡರು. ತಮ್ಮ ಹೆಗಲ ಮೇಲೆ ಅಂಟಿದ್ದ ಚುರುಮುರಿಯನ್ನು ನೋಡಿಕೊಂಡರು.

"ಆವತ್ತೂ ಇದ ಇದ್ದೀತೇನ?" ಎಂದು ಕೇಳಿದರು. ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ.

"ಗೊತ್ತಿಲ್ರಿ. ಆವತ್ತ ನಾವ್ಯಾರೂ ಒಳಗ ನೋಡಿರಲಿಲ್ಲ."

ಅವರು ಹಲ್ಲು ಹೋದ ಗೇರು ತೆಗೆದು ಹಳೆಯದೊಂದನ್ನು ಕೂರಿಸಿ ಮಷೀನು ಓಡಿಸಿದರು. ಕದ ತೆರೆದು ಜನ ಮಾಲೆ ಹಿಡಿದುಕೊಂಡು ಬಂದಾಗ ಅವರು ಗಡ್ಡೆಯನ್ನು ಚೇರಮನ್ನರ ಕೈಗೆ ಹಾಕಿದರು. "ಚುರುಮುರಿ ತಿನ್ನಾಕ ಅದಾವ ಚೇರಮನ್ನರ, ಗೇರಿಗಲ್ಲ. ಇನ್ನ ಮ್ಯಾಲ ನನಗೂ ಒಗೀಬ್ಯಾಡ್ರಿ, ಮಷೀನಿಗೂ ಒಗೀಬ್ಯಾಡ್ರಿ. ಮುಂದಿನ ರಜಾ ಯಾವಾಗ ಅಂತ ನಮ್ಮಾಕೀನ ಕೇಳ್ರಿ." ಇಷ್ಟು ಹೇಳಿ, ಜನರ ನಡುವೆ ದಾರಿ ಮಾಡಿಕೊಂಡು, ನಡೆದೇ ಮನೆಗೆ ಹೋದರು. ಡೊಳ್ಳಿನವರು ಕೋಲು ಎತ್ತಿದವರು ಹಾಗೇ ನಿಂತಿದ್ದರು.

ಮುಂದಿನ ರಜೆ ನಾನು ಬೇಗನೇ ಕೇಳಿದೆ. ಹಳೆಯ ಗೇರು ನಂಬುವಂತಿರಲಿಲ್ಲ, ಹೊಸದೊಂದು ತರಿಸಿಟ್ಟಿದ್ದೆ. ಆಚೆ ಬದಿಯ ಬೇರಿಂಗೂ ಈಗ ಬೆಚ್ಚಗಾಗತೊಡಗಿತ್ತು. ಮಗಳಿಗೆ ಇನ್ನೂ ಒಂದು ವಾರ ಹೋಗುತ್ತದೆ ಎಂದು ಮಾಬೂಬಿ ಹೊಟ್ಟೆ ಮುಟ್ಟಿ ಹೇಳಿದ್ದಳು, ಅಷ್ಟರಲ್ಲಿ ಮುಗಿಸಿಬಿಡೋಣ ಎಂಬುದು ನನ್ನ ಲೆಕ್ಕ. ಆದರೂ ಹಿಂದಿನ ಸಂಜೆ ಮಾಬೂಬಿ ತನ್ನ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. "ಕೂಸುಗೋಳು ನನ್ನ ಮಾತ ಕೇಳಿ ಹುಟ್ಟೂದಿಲ್ಲಬೇ," ಅಂದಳು. ಗಂಡ ಅವತ್ತು ಬೆಳಿಗ್ಗೆಯೇ ಹಾಸಿಗೆ ಸುತ್ತಿಕೊಂಡು ಪ್ರೆಸ್ಸಿಗೆ ಬಂದಿದ್ದರು. ಮಷೀನು ಓಡುತ್ತಿರುವಾಗ ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಕಣ್ಣು ಮುಚ್ಚಿ ನಿಂತು ಅದರ ದನಿ ಕೇಳಿದರು. "ಇದು ಹಿಂಗೆಲ್ಲಾ ಮಾತಾಡತೈತೇನ?" ಅಂದರು. ನನಗೆ ಅವರ ಮೇಲೆ ಎಷ್ಟೋ ದಿನದ ಮೇಲೆ ಪ್ರೀತಿ ಉಕ್ಕಿತು. ಹೇಳಲಿಲ್ಲ, ಚಹಾ ಕೊಟ್ಟೆ.

ಬೆಳಕು ಹರಿಯುತ್ತಲೇ ಯಲ್ಲಪ್ಪನೂ ಸೇರಿ ಮೂವರೂ ಬಿಚ್ಚಲು ಶುರು ಮಾಡಿದೆವು. ರೋಲರುಗಳು ಇಳಿದವು, ಬದಿಯ ತಗಡು ಇಳಿಯಿತು, ಗೇರುಗಳು ಗೋಣಿಯ ಮೇಲೆ ಸಾಲಾಗಿ ಮಲಗಿದವು. ಮಷೀನು ಅರ್ಧ ಬರೀ ಎಲುಬಿನ ಗೂಡಾಗಿ ನಿಂತಿದ್ದಾಗ ನಮ್ಮ ಓಣಿಯ ಕಡೆಯಿಂದ ಕೂಗು ಬಂತು. ಕಿಟಕಿಯಿಂದ ಕಿಟಕಿಗೆ ದಾಟುತ್ತ, ಕೊನೆಗೆ ಪ್ರೆಸ್ಸಿನ ಎದುರಿನ ಗೌರಕ್ಕ ಸರಳಿಗೆ ಮುಖ ಒತ್ತಿ ಕೂಗಿದಳು:

"ನೀಲಕ್ಕಾ, ಶಿವಲೀಲಾಗ ಬ್ಯಾನಿ ಚಾಲೂ ಆಗ್ಯಾವಂತ!"

ನನ್ನ ಕೈಯಲ್ಲಿದ್ದ ಪಾನಾ ಕೆಳಗೆ ಬಿತ್ತು. ಮತ್ತೆ ಅದೇ. ಮತ್ತೆ ಕದ ಮುಚ್ಚಿದೆ, ಮತ್ತೆ ಮಗಳು ಒಳಗೆ, ನಾನು ಹೊರಗೆ, ಮತ್ತೆ ಮಷೀನು ನಿಂತಿದೆ, ಅದೂ ನಾನೇ ನಿಲ್ಲಿಸಿದ್ದು! ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. "ಏನ್ರಿ, ಮುಚ್ಚೂಣು ಏಳ್ರಿ. ಆ ಹಳೇ ಗೇರು, ಹಳೇ ಬೇರಿಂಗ್ ಹಂಗ ಹಾಕ್ರಿ. ನೀವ ಕೈ ಹಚ್ಚಿದ್ರ ಮಧ್ಯಾಹ್ನದೊಳಗ ಓಡತೈತಿ. ಹಾಳಿ ತಗದು ಕದಾ ತಗೀಸೂಣು. ನಾ ಆಕೀ ಹಂತ್ಯಾಕ ಹೋಗಬೇಕು."

ಅವರು ಎದ್ದರು. ಒಂದು ಕ್ಷಣ ಅವರ ಕೈ ತಗಡಿನ ಪಟ್ಟಿಗೆ ಹೋಯಿತು, ನಾನು ನೋಡಿದೆ. ಬೇಗ ಮಾಡುವುದು ಅವರ ಕೈಗೆ ಅಷ್ಟು ರೂಢಿ. ಆಮೇಲೆ ಕೈ ಹಿಂದಕ್ಕೆ ಬಂತು.

"ಇಲ್ಲ," ಅಂದರು.

"ಇಲ್ಲ ಅಂದ್ರ?"

"ಮಾಬೂಬಿ ಒಳಗ ಅದಾಳ. ನೀ ಹೋಗಿ ಏನ ಮಾಡ್ತಿ? ಕೂಸು ಹುಟ್ಟಿದ ಮ್ಯಾಲೂ ಆ ಕದಾ ದಿನಾ ತಗೀಬೇಕಬೇ. ನಾಳೆ ಕೂಸಿಗೆ ಜ್ವರಾ ಬಂದ್ರ? ನಾಡದ ಆಕೀಗ ಏನರ ಆದ್ರ? ಇವತ್ತ ಹಳೇದ ಹಾಕಿದ್ರ ಅದು ಯಾವತ್ತ ನಿಲ್ಲತೈತಿ ಅಂತ ನಿನಗ ಗೊತ್ತೈತೇನು?"

"ನಿಮಗೇನ್ರಿ, ನೀವ ಹಡದೀರೇನು? ಕಲ್ಲ ಐತಿ ನಿಮ್ಮ ಎದಿ," ಎಂದು ಕಿರುಚಿದೆ. ಇನ್ನೂ ಏನೇನೋ ಅಂದೆ. ಯಲ್ಲಪ್ಪ ರೋಲರಿನ ಹಿಂದೆ ಅಡಗಿಕೊಂಡ. ಗಂಡ ಬೈಸಿಕೊಳ್ಳುತ್ತಲೇ ಕೂತು ಹೊಸ ಬೇರಿಂಗಿನ ಕಾಗದ ಬಿಚ್ಚಿದರು. ಬಿಚ್ಚಿದ ಬೇರಿಂಗನ್ನು ತಿರುಗಾಮುರುಗಾ ಹಿಡಿದು, ಮತ್ತೆ ಮತ್ತೆ ನಮ್ಮ ಓಣಿಯ ಕಡೆ ನೋಡುತ್ತಿದ್ದರು. ಅದನ್ನು ನೋಡಿ ನನ್ನ ಬಾಯಿ ತಾನಾಗಿ ನಿಂತಿತು.

"ಇದನ್ನ ಹೆಂಗ ಕೂಡಸಿದ್ದಿ ಆವತ್ತ, ತೋರ್ಸು," ಅಂದರು. "ನನಗ ಸಾವಕಾಶ ಮಾಡಿ ರೂಢಿಲ್ಲ."

ನಾನು ಮೂಗು ಒರೆಸಿಕೊಂಡು ಅವರ ಪಕ್ಕ ಕೂತೆ. ಅಳುತ್ತಲೇ ತೋರಿಸಿದೆ. ಮರದ ತುಂಡು ಇಟ್ಟು, ಸುತ್ತಲೂ ಸಮನಾಗಿ, ಮೆಲ್ಲಗೆ ಬಡಿಯಬೇಕು. ಒಂದೇ ಕಡೆ ಬಡಿದರೆ ಓರೆಯಾಗುತ್ತದೆ. ಅವರು ಬಡಿದರು. ನಾನು ದನಿ ಕೇಳಿದೆ. ಆ ಮಧ್ಯೆ ಕಿಟಕಿಗಳ ಮೂಲಕ ಸುದ್ದಿ ಬರುತ್ತಲೇ ಇತ್ತು. ಮಾಬೂಬಿ ಬಿಸಿನೀರು ಇಟ್ಟಳಂತೆ. ಈ ಸಲವೂ ಕೂಸು ಅಡ್ಡ ಇದೆಯಂತೆ. ಇದನ್ನು ಕೇಳಿದಾಗ ಇಬ್ಬರೂ ಸುತ್ತಿಗೆ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದಿನ ಸಲ ಇದೇ ಮಾತು ಇದೇ ದಾರಿಯಲ್ಲಿ ಬಂದಿತ್ತು. ಆಮೇಲೆ ಬಹಳ ಹೊತ್ತು ಯಾವ ಕಿಟಕಿಯೂ ಕೂಗಲಿಲ್ಲ. ಓಣಿ ಓಣಿಯಲ್ಲಿ ಜನ ಸರಳು ಹಿಡಿದು ಸುಮ್ಮನೆ ನಿಂತಿದ್ದರು. ಅವರಿಗೂ ಆ ದಿನ ನೆನಪಿತ್ತು. ನಾವು ಗೇರು ಕೂರಿಸಿದೆವು. ಬೇರೆ ಏನು ಮಾಡುವುದು?

ಮೊದಲು ಕೇಳಿದ್ದು ಎಲ್ಲೋ ದೂರದಲ್ಲಿ ಒಂದು ಗದ್ದಲ. ಅದು ಹತ್ತಿರ ಹತ್ತಿರ ಬಂತು, ಒಂದು ಓಣಿ ಇನ್ನೊಂದಕ್ಕೆ ಕೂಗುತ್ತ. ಗೌರಕ್ಕ ತಾಟು ಬಡಿಯುತ್ತ ಕುಣಿಯುತ್ತಿದ್ದಳು.

"ಹೆಣ್ಣು ಕೂಸು ನೀಲಕ್ಕಾ! ಮಾಬೂಬಿ ಕೈ ಹಾಕಿ ಹೊಳ್ಳಿಸಿ ತಗದಾಳಂತ! ತಾಯೀ ಕೂಸು ಇಬ್ರೂ ಆರಾಮ!"

ನನ್ನ ಗಂಡ ಕಾಗದದ ರೀಮಿನ ಮೇಲೆ ಕುಸಿದು ಕೂತರು. ಗ್ರೀಸಿನ ಕೈಗಳಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಆ ಮೊದಲ ಕೂಸಿಗೆ ಅವರು ಅತ್ತಿರಲಿಲ್ಲ, ಎರಡಕ್ಕೂ ಕೂಡಿ ಅವತ್ತೇ ಅತ್ತರು. "ಆವತ್ತ ನಾ ಭಾಳ ಲಗೂ ಮಾಡಿದ್ದೆ ನೀಲಾ, ಭಾಳ ಲಗೂ ಮಾಡಿದ್ದೆ," ಅಂದರು. ನಾನು ಬೆನ್ನು ಸವರಿದೆ. "ಮಾಡಿದ್ರಿ, ನನಗ ಗೊತ್ತೈತಿ," ಅಂದೆ. ನಿಮ್ಮ ತಪ್ಪಿಲ್ಲ ಎಂದೂ ಹೇಳಿದೆ. ಅದನ್ನು ಹೇಳಲು ಅಷ್ಟು ದಿನ ಯಾಕೆ ಬೇಕಾಯಿತೋ! ಯಲ್ಲಪ್ಪನೂ ಅಳುತ್ತಿದ್ದ. ಅವನಿಗೆ ಎಲ್ಲದಕ್ಕೂ ಅಳು ಬರುತ್ತದೆ.

ಸಂಜೆಯ ಹೊತ್ತಿಗೆ ಮಷೀನು ಮುಚ್ಚಿದೆವು. ಪ್ರತಿ ಬೋಲ್ಟನ್ನೂ ಗಂಡ ಇನ್ನೊಮ್ಮೆ ಕೈಯಾಡಿಸಿ ನೋಡಿದರು.

ಬೆಳಿಗ್ಗೆ ಮೊದಲ ಹಾಳೆ ಹೊರಬೀಳುತ್ತಲೇ ಅದನ್ನು ಹಿಡಿದುಕೊಂಡು ನಾನು ಓಡಿದೆ. ಮಷೀನನ್ನು ಯಲ್ಲಪ್ಪನ ಜೊತೆಗಾರರೂ ಗಂಡನೂ ನೋಡಿಕೊಂಡರು. ಕದದ ಕೆಳಗೆ ತುರುಕಿ, "ಮಾಬೂಬಿ ಅಕ್ಕಾ, ಲಗೂ ಅಂಬಲಿ ಹಚ್ಚು," ಎಂದು ಕೂಗಿದೆ. ಕದ ತೆರೆಯಿತು. ಮಾಬೂಬಿ ನನ್ನನ್ನು ಮೇಲಿನಿಂದ ಕೆಳಗಿನತನಕ ನೋಡಿ, "ಆ ಕರೇ ಕೈಲೆ ಕೂಸಿನ ಮುಟ್ಟಿದ್ರ ನೋಡ ಮತ್ತ," ಎಂದು ಬಚ್ಚಲಿಗೆ ತಳ್ಳಿದಳು. ಸೀಗೆಪುಡಿ ಹಾಕಿ ಉಜ್ಜಿದೆ, ಬೂದಿ ಹಾಕಿ ಉಜ್ಜಿದೆ. ಉಗುರಿನ ಸಂದಿಯದು ಹೋಗಲಿಲ್ಲ. ಕೊನೆಗೆ ಸೀರೆಯ ಸೆರಗು ಹಾಸಿ ಅದರ ಮೇಲೆ ಕೂಸನ್ನು ಇಸಿದುಕೊಂಡೆ. ಮುಷ್ಟಿ ಬಿಗಿದು, ಮುಖ ಕೆಂಪು ಮಾಡಿಕೊಂಡು, ಊರಿಗೆಲ್ಲ ಕೇಳುವಂತೆ ಅತ್ತಿತು. ನನ್ನ ಸ್ವಭಾವವೇ ಬಂದಿದೆ ಎಂದು ಶಿವಲೀಲಾ ನಕ್ಕಳು.

"ಅಪ್ಪ ಎಲ್ಲಿ?" ಎಂದು ಕೇಳಿದಳು.

"ಮಷೀನಿನ ಮುಂದ ಕೂತಾರ. ಕಡೀ ಹಾಳಿ ಹೊರಗ ಬರೂತನಕ ಏಳೂದಿಲ್ಲಂತ."

ಅವರು ಮಧ್ಯಾಹ್ನ ಬಂದರು. ನಾನು ಕಿಟಕಿಯಲ್ಲಿ ಕೂತು ನೋಡುತ್ತಿದ್ದೆ. ಓಣಿ ತುಂಬ ಜನ. ಯಾರೋ ಬದನೆಕಾಯಿ ಚೌಕಾಸಿ ಮಾಡುತ್ತಿದ್ದರು, ಯಾರೋ ಮೇಕೆ ಅಟ್ಟಿಸಿಕೊಂಡು ಹೋಗುತ್ತಿದ್ದರು, ಶಾಲೆಯ ಹುಡುಗಿಯರು ಜಡೆ ಹಿಡಿದು ಜಗಳವಾಡುತ್ತಿದ್ದರು. ಕದಗಳೆಲ್ಲ ಹಾರುಹೊಡೆದಿದ್ದವು. ಫಕೀರಪ್ಪ ಮೇಸ್ತ್ರಿ ನಡುವೆ ನಡೆದು ಬರುತ್ತಿದ್ದರೆ ಯಾರೂ ತಿರುಗಿಯೂ ನೋಡಲಿಲ್ಲ. ಮೇಕೆಯವನು, ಸರಿಯಪ್ಪಾ ಅತ್ತ, ಎಂದು ಗದರಿಸಿದ. ಅವರು ಸರಿದು ನಿಂತು, ಮೇಕೆ ಹೋದ ಮೇಲೆ ಬಂದರು.

ಹೊಸ್ತಿಲಲ್ಲಿ ನಿಂತುಬಿಟ್ಟರು. ಒಳಗೆ ಮಗಳು, ಮೊಮ್ಮಗಳು. ಕಾಲು ಎತ್ತಲಿಲ್ಲ.

"ಬರಲೇನವಾ ಒಳಗ?" ಎಂದು ಕೇಳಿದರು.

ಶಿವಲೀಲಾ ಕೂಸನ್ನು ಎದೆಯಿಂದ ಬಿಡಿಸಿ ಅವರ ಕಡೆ ಹಿಡಿದಳು. "ಕದಾ ತಗದ ಐತಲ್ಲಪ್ಪಾ, ಬಾ," ಅಂದಳು.